ಬಟ್ಟೆ ಒಣಗುವಷ್ಟು ಹೊತ್ತು

ದೇವೀರಿಯ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯನ್ನು ಇಟ್ಟಿಗೆ ಚೂರಿನಿಂದ ತಿಕ್ಕುತ್ತಿದ್ದೆ. ತಂಬಿಗೆಯ ನೀರು ಮುಗಿದಾಗ ಅವಳ ತಾಯಿ ಚೌಡಮ್ಮ ಇನ್ನೊಂದು ತಂಬಿಗೆ ತಂದು ಸದ್ದಾಗದ ಹಾಗೆ ಪಕ್ಕದಲ್ಲಿಟ್ಟಳು. ಯಾರೂ ಮಾತಾಡುವಂತಿರಲಿಲ್ಲ. ಕಾಲಿಗೆ ಮೊದಲ ನೀರು ಬಿದ್ದಾಗಿನಿಂದ ಮುಗಿಲಕಾಯಿ ಬಾಯಿಗೆ ಹೋಗುವವರೆಗೆ ಅಂಗಳದಲ್ಲಿ ಒಂದು ಮಾತೂ ಆಡಬಾರದು ಅನ್ನುವುದು ನಮ್ಮೂರಿನ ಕಟ್ಟಳೆ. ಕೋಳಿಗಳನ್ನು ಕೂಡ ಕೈಬೀಸಿಯೇ ಓಡಿಸುತ್ತೇವೆ. ಉಗುರು ಕತ್ತರಿಸಿದೆ, ಬೆರಳ ಸಂದಿಗಳನ್ನು ಒರೆಸಿದೆ, ಅಂಗಾಲಿಗೆ ತೆಳ್ಳಗೆ ಬೂದಿ ಹಚ್ಚಿದೆ. ಹಾಗೆ ತೊಳೆಯುವಾಗಲೇ ಕಾಲನ್ನು ತಿಳಿದುಕೊಳ್ಳಬೇಕು. ದೇವೀರಿಯ ಹೆಬ್ಬೆರಳು ನನ್ನ ಅಂಗೈಯಲ್ಲಿ ಸುಮ್ಮನಿರಲಿಲ್ಲ. ಕೂತಲ್ಲೇ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಕಾಯಿ ಇನ್ನೂ ತಟ್ಟೆಯಲ್ಲೇ ಇತ್ತು.

ನಮ್ಮೂರಿನ ಯಾವ ಮನೆಗೂ ಮೆಟ್ಟಿಲಿಲ್ಲ. ಎಲ್ಲ ಮನೆಗಳೂ ನೆಲಕ್ಕೆ ಅಂಟಿಕೊಂಡಂತೆ ಇವೆ. ಹೊಸ್ತಿಲು ಕೂಡ ಮಣ್ಣಿಗೆ ಸಮನಾಗಿದೆ. ಮೆಟ್ಟಿಲು ಅಂದರೆ ಮುಗಿಲಕಾಯಿ ತಿಂದವರಿಗೆ ಕಾಣುವ ವಸ್ತು. ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಮೊಣಕಾಲೆತ್ತರದ ಗಿಡಗಳು ಬೆಳೆಯುತ್ತವೆ. ಬೋರೆಹಣ್ಣಿನಷ್ಟು ದೊಡ್ಡದಾದ ಬೂದಿಬಣ್ಣದ ಕಾಯಿ. ಅದನ್ನು ತಿಂದವರಿಗೆ ಮೆಟ್ಟಿಲು ಕಾಣುತ್ತದೆ, ಕಂಡ ಮೆಟ್ಟಿಲು ಅವರನ್ನು ಹೊರುತ್ತದೆ. ಕಾಯಿಯ ಕಸುವು ಇರುವವರೆಗೆ ಹೊರುತ್ತದೆ, ಆಮೇಲೆ ಹೊರುವುದಿಲ್ಲ. ಬೇರೆ ಊರಿನವರು ಇದೇ ಕಾಯಿಯನ್ನು ತಮ್ಮೂರಿಗೆ ಒಯ್ದು ತಿಂದರೆ ತಲೆ ತಿರುಗಿ, ಗೋಡೆಯ ಬಣ್ಣ ನೋಡಿ ನಕ್ಕು, ವಾಂತಿ ಮಾಡಿ ಮಲಗುತ್ತಾರೆ, ಅಷ್ಟೆ.

ಆದ್ದರಿಂದ ನಮ್ಮ ಬೀದಿಗಳಲ್ಲಿ ಮನೆ ಮನೆಯ ಮುಂದೆ ಹುಲ್ಲಿನ ರಾಶಿ ಇರುತ್ತದೆ. ದನಕ್ಕೆ ಹಾಕುವ ಹುಲ್ಲು ಬೇರೆ, ಬೀಳುವವರ ಹುಲ್ಲು ಬೇರೆ. ಬೀಳುವವರ ಹುಲ್ಲಿಗೆ ದನ ಬಾಯಿ ಹಾಕಿದರೆ ದನದ ಮಾಲೀಕನಿಗೆ ಬೈಗುಳ. ರಜೆಯ ದಿನ ಬೀದಿಯಲ್ಲಿ ನಡೆಯುವವರು ತಲೆ ತಗ್ಗಿಸಿಕೊಂಡು ನಡೆಯುತ್ತಾರೆ. ಮೇಲೆ ಹೆಣ್ಣುಮಕ್ಕಳಿರಬಹುದು, ನೋಡುವುದು ಮರ್ಯಾದೆಯಲ್ಲ. ಯಾರದೋ ಕಾಲು ತಗುಲಿ ಹೆಂಚು ಜಾರಿದರೆ ಮನೆಯವರು ಜಗಳ ಮಾಡುವುದಿಲ್ಲ, ಮಾರನೆಯ ದಿನ ಬೇರೆ ಹೆಂಚು ಹೊದಿಸುತ್ತಾರೆ. ಚಿಕ್ಕ ಮಕ್ಕಳು ಮಾತ್ರ ಅಂಗಾತ ಮಲಗಿಕೊಂಡು ಯಾರು ಕಾಗೆಗಿಂತ ಮೇಲೆ ಹೋದರು ಎಂದು ಎಣಿಸುತ್ತಾರೆ.

ನಾನು ಇಳಿಸುವವಳು. ಹತ್ತುವವರನ್ನು ಕೆಳಗೆ ತರುವುದು ನನ್ನ ಕೆಲಸ. ನನ್ನ ಸೋದರತ್ತೆ ಸಿದ್ದಕ್ಕನದೂ ಅದೇ ಕೆಲಸ, ಅವಳ ತಾಯಿಯದೂ ಅದೇ. ನಾಲ್ಕನೇ ಕ್ಲಾಸಿನಲ್ಲಿ ನಾನು ಶಾಲೆ ಬಿಟ್ಟೆ. ಉತ್ತರ ಗೊತ್ತಿಲ್ಲದೆ ಬಿಟ್ಟದ್ದಲ್ಲ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಗಂಟಲಲ್ಲಿ ಏನೋ ಕೂತುಬಿಡುತ್ತಿತ್ತು. ಹಾಜರಿ ಕೂಗಿದಾಗ ನನ್ನ ಪರವಾಗಿ ಪಕ್ಕದಲ್ಲಿದ್ದ ದೇವೀರಿಯೇ "ಹೊನ್ನಾಜಿ ಬಂದವ್ಳೆ ಸಾ" ಎಂದು ಕೂಗುತ್ತಿದ್ದಳು. ಒಂದು ವರ್ಷ ಅವಳು ಪಾಸಾಗಿ ಮೇಲಿನ ಕ್ಲಾಸಿಗೆ ಹೋದಳು, ನಾನು ಅಲ್ಲೇ ಉಳಿದೆ. ನನ್ನ ಹೆಸರು ಕೂಗುವವರು ಇಲ್ಲವಾದರು. ಮನೆಗೆ ಬಂದು ಕೂತೆ. ಅಪ್ಪ ಬೈದರೆ ಅತ್ತೆ, "ಬಾಯಿರೋರು ಊರ ತುಂಬ ಅವ್ರೆ ಕಣಣ್ಣ, ನಂಗೆ ಕಣ್ಣಿರೋರು ಬೇಕು" ಎಂದು ನನ್ನನ್ನು ತನ್ನ ಜೊತೆ ಕರೆದುಕೊಂಡು ಹೋದಳು.

ಮೊದಲ ಕೆಲವು ವರ್ಷ ಅವಳ ಪಕ್ಕದಲ್ಲಿ ಕೂತು ಕಾಲುಗಳನ್ನು ನೋಡಿದೆ. ಆಮೇಲೆ ಏಳು ವರ್ಷ ನಾನೇ ಇಳಿಸಿದೆ. ಅರವತ್ತಮೂರು ಜನ. ಒಬ್ಬರೂ ನನ್ನ ಕೈತಪ್ಪಿ ಹೋಗಿಲ್ಲ. ನಾನು ಮೆಟ್ಟಿಲನ್ನು ಕಂಡೇ ಇಲ್ಲ, ಇಳಿಸುವವರು ಕಾಯಿ ಮುಟ್ಟಬಾರದು. ಆದರೂ ಕೆಳಗೆ ನಿಂತು ಅಂಗಾಲು ನೋಡಿದರೆ ಸಾಕು, ಅವರ ಮೆಟ್ಟಿಲು ಕಲ್ಲಿನದೋ ಮರದ್ದೋ, ಅಗಲ ಎಷ್ಟು, ಜಾರುತ್ತದೆಯೋ ಇಲ್ಲವೋ ಹೇಳಬಲ್ಲೆ. ಗಟ್ಟಿ ಮೆಟ್ಟಿಲ ಮೇಲೆ ಅಂಗಾಲು ಚಪಾತಿಯ ಹಾಗೆ ಹರಡಿ ಬೆಳ್ಳಗಾಗುತ್ತದೆ. ಬೂದಿ ಹಚ್ಚುವುದು ಅದು ಚೆನ್ನಾಗಿ ಕಾಣಲಿ ಎಂದೇ. ಇನ್ನೊಂದು ಮಾತು, ಮೇಲೆ ಯಾರಾದರೂ ಇದ್ದಾಗ ಮಾತ್ರ ನನ್ನ ಗಂಟಲು ಬಿಡುತ್ತದೆ. ಆಗ ನನ್ನ ದನಿ ಎರಡು ಬೀದಿಯಾಚೆಗೂ ಕೇಳುತ್ತದಂತೆ. ಅಂಗಡಿಯಲ್ಲಿ ಅರ್ಧ ಸೇರು ಬೆಲ್ಲ ಕೇಳಲಾಗದ ಹುಡುಗಿ ನಾನು.

ಇಳಿಸುವವರಿಗೆ ಮೂರು ಕಟ್ಟಳೆಗಳಿವೆ. ಕಾಯಿ ತಿನ್ನಬಾರದು. ಮೇಲಿರುವವರಿಗೆ ಕಂಡದ್ದನ್ನು ಇಲ್ಲ ಎನ್ನಬಾರದು, ಹಾವು ಕಂಡಿತೆಂದರೆ ಹಾವು ಇದೆ, ಅದಕ್ಕೆ ದಾರಿ ಬಿಡಿಸಬೇಕು. ಮೂರನೆಯದು, ಯಾರೇ ಬಂದು ಕಾಲು ನೀಡಿದರೂ ತೊಳೆಯಬೇಕು, ಬೇಡ ಅನ್ನಬಾರದು. ಬೇಡ ಅನ್ನಿಸಿಕೊಂಡವರು ಗುಡ್ಡದ ಹಿಂದೆ ಹೋಗಿ ಒಬ್ಬರೇ ತಿನ್ನುತ್ತಾರೆ. ಅತ್ತೆ ಹುಡುಗಿಯಾಗಿದ್ದಾಗ ಹಾಗೆ ಒಬ್ಬ ತಿಂದಿದ್ದ. ಮೂರು ದಿನದ ಮೇಲೆ ಅವನು ಜೋಳದ ಹೊಲದ ನಡುವೆ ಸಿಕ್ಕಿದ. ಸುತ್ತ ಒಂದು ದಂಟೂ ಬಾಗಿರಲಿಲ್ಲ, ನೇರ ಮೇಲಿನಿಂದ ಬಿದ್ದಿದ್ದ.

ಹೊತ್ತು ಅಳೆಯುವುದು ಬಟ್ಟೆಯಿಂದ. ಹಳೆಯ, ಒಗೆದು ಒಗೆದು ತೆಳ್ಳಗಾದ ಒಂದು ತುಂಡನ್ನು ನೀರಲ್ಲಿ ಅದ್ದಿ ಹಿಂಡಿ ಚಪ್ಪಡಿಯ ಮೇಲೆ ಹರಡುತ್ತೇವೆ. ಅದು ಒಣಗುವುದರೊಳಗೆ ಹತ್ತಿದವರ ಕಾಲು ನೆಲದ ಮೇಲಿರಬೇಕು. ಮೋಡವಿದ್ದರೆ ಹತ್ತುವುದೇ ಇಲ್ಲ. ಬಟ್ಟೆಯನ್ನು ತರುವುದು ಹತ್ತುವವರ ಮನೆಯವರು.

ದೇವೀರಿ ಹದಿನೇಳರಲ್ಲಿ ಮೊದಲು ಹತ್ತಿದಳು. ನಾನೇ ಇಳಿಸಿದೆ. ಕೆಳಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತಿದ್ದಳು. "ಮೇಲಿಂದ ನೋಡಿದ್ರೆ ನಮ್ಮೂರು ಒಂದು ಹಿಡಿ ಕಣೆ, ಎತ್ಕೊಂಡು ಮುದ್ದಾಡೋ ಹಂಗೈತೆ" ಅಂದಿದ್ದಳು. ವರ್ಷಕ್ಕೆರಡು ಸಲ ಇದ್ದದ್ದು ತಿಂಗಳಿಗೊಂದಾಯಿತು, ಆಮೇಲೆ ಪ್ರತಿ ರಜೆಯ ದಿನವಾಯಿತು. ಹೋದ ತಿಂಗಳಿನಿಂದ ವಾರಕ್ಕೆ ಮೂರು ಸಲ ಬಂದು ಕಾಲು ನೀಡುತ್ತಿದ್ದಳು. ನಾನು ನೋಡುತ್ತಿದ್ದೆ. ಬಾವಿಯಿಂದ ನೀರು ತರುವಾಗ ಸಮನೆಲದಲ್ಲಿ ಒಂದು ಕಾಲನ್ನು ಎತ್ತಿ ಇಲ್ಲದ ಮೆಟ್ಟಿಲ ಮೇಲಿಡುತ್ತಿದ್ದಳು, ಮುಗ್ಗರಿಸುತ್ತಿದ್ದಳು. ಮಾತಿನ ನಡುವೆ ನಿಂತು ಗೋಡೆ ಉಸಿರಾಡುತ್ತಿದೆ ಅನ್ನುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ನಿದ್ದೆಯಿಲ್ಲದೆ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಒಂದು ದಿನ ಸೊಪ್ಪು ಸೋಸುತ್ತ ಕೂತಿದ್ದವಳು ಎದೆ ಹಿಡಿದುಕೊಂಡು, "ಒಳಗೆ ಯಾರೋ ಓಡ್ತಾವ್ರೆ ಹೊನ್ನಿ" ಅಂದಳು. ಅವಳ ಮಣಿಕಟ್ಟು ಹಿಡಿದು ನೋಡಿದೆ. ಗುಬ್ಬಿಯ ಎದೆಯ ಹಾಗೆ ಬಡಿದುಕೊಳ್ಳುತ್ತಿತ್ತು.

ಚೌಡಮ್ಮನಿಗೆ ಅದನ್ನು ಹೇಳಬೇಕೆಂದು ಎರಡು ಸಲ ಅವರ ಬಾಗಿಲಿಗೆ ಹೋದೆ. ಎರಡು ಸಲವೂ ಮಜ್ಜಿಗೆ ಕುಡಿದು ಬಂದೆ. ಅವಳ ಕಣ್ಣಿಗೆ ಕಂಡದ್ದೆಲ್ಲ ಮದುವೆಯ ಲೆಕ್ಕಕ್ಕೆ ಹೋಗುತ್ತಿತ್ತು. "ಮದ್ವೆ ಹುಡುಗಿ, ಊಟ ಸೇರಲ್ಲ, ನಿದ್ದೆ ಬರಲ್ಲ, ನಂಗೂ ಹಂಗೇ ಆಗಿತ್ತು" ಎಂದು ನಗುತ್ತಿದ್ದಳು. ಮೂರು ವಾರದಲ್ಲಿ ಮದುವೆ. ಗಂಡಿನ ಊರು ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರ. ಅಲ್ಲಿ ಮುಗಿಲಕಾಯಿಗೆ ಮೆಟ್ಟಿಲು ಬರುವುದಿಲ್ಲ.

ಇವತ್ತಿನದು ಕೊನೆಯದೆಂದು ಅವಳೇ ಹೇಳಿದ್ದಳು. ಅದಕ್ಕೆ ಬೀದಿಯವರೆಲ್ಲ ಅವಳ ಮನೆಯ ಅಂಗಳದಲ್ಲಿ ಸೇರಿದ್ದರು. ಚಪ್ಪಡಿಯ ಪಕ್ಕದಲ್ಲಿ ಅತ್ತೆ ಕೂತಿದ್ದಳು. ಗಾಣದ ಚನ್ನಪ್ಪ ಮಂಚ ತರಿಸಿಕೊಂಡು ಕೂತಿದ್ದ. ಕಾಲು ಒರೆಸಿಯಾದ ಮೇಲೆ ಚೌಡಮ್ಮ ಬಟ್ಟೆ ಕೊಟ್ಟಳು. ಕೈಗೆ ತೆಗೆದುಕೊಂಡ ಕೂಡಲೇ ಬೆರಳಿಗೆ ಗೊತ್ತಾಯಿತು. ಹೊಸ ಬಟ್ಟೆ. ಮದುವೆಗೆಂದು ತಂದ ದಪ್ಪ ಟವೆಲು, ಮಗ್ಗದ ಗಂಜಿ ಕೂಡ ಬಿಟ್ಟಿರಲಿಲ್ಲ. ಮದುವಣಗಿತ್ತಿಗೆ ಹರಕು ಬಟ್ಟೆ ಯಾಕೆ ಅಂದುಕೊಂಡಿರಬೇಕು. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಅವಳು ಪ್ರೀತಿಯಿಂದ ಕಣ್ಣರಳಿಸಿ ತಲೆಯಾಡಿಸಿದಳು. ಮಾತಾಡುವಂತಿರಲಿಲ್ಲ. ಅತ್ತೆ ಕೈಚಾಚಿ ಬಟ್ಟೆ ತೆಗೆದುಕೊಂಡು, ಅದ್ದಿ, ಹಿಂಡಿ, ಚಪ್ಪಡಿಯ ಮೇಲೆ ಹರಡಿಬಿಟ್ಟಳು. ಅವಳ ಕೈಗಳಿಗೆ ಈಗ ಮೊದಲಿನ ಸ್ಪರ್ಶ ಇಲ್ಲ, ಬೆರಳುಗಳು ಜೋಮು ಹಿಡಿದು ಎರಡು ವರ್ಷವಾಯಿತು.

ದೇವೀರಿ ಕಾಯಿಯನ್ನು ಬಾಯಿಗಿಟ್ಟುಕೊಂಡಳು. ಅಂಗಳ ಒಮ್ಮೆಗೇ ಉಸಿರುಬಿಟ್ಟು ಮಾತಾಡತೊಡಗಿತು. ಆ ಗದ್ದಲದಲ್ಲಿ ನಾನು "ಅತ್ತೆ" ಅಂದೆ. ಯಾರಿಗೂ ಕೇಳಲಿಲ್ಲ. ಮೇಲೆ ಇನ್ನೂ ಯಾರೂ ಇರಲಿಲ್ಲವಲ್ಲ.

ಮೊದಲು ಅವಳ ತುಟಿ ಒಣಗಿತು. ಕಣ್ಣಿನ ಪಾಪೆ ಅರಳಿ ಅರಳಿ ಕಣ್ಣೆಲ್ಲ ಕಪ್ಪಾಯಿತು. ಕೈ ಬೆವರಿತು. ಆಮೇಲೆ ನಗು ಬಂತು.

"ಕೇಳ್ತೈತಾ ಹೊನ್ನಿ? ಹುಣಿಸೇಮರ ಹಸಿರಾಗಿ ಗೊಣಗ್ತೈತೆ."

"ಏನಂತೈತೆ?" ಎಂದು ಚನ್ನಪ್ಪ ಮಂಚದಿಂದ ಕೂಗಿದ.

"ನಿನ್ನ ಗಾಣದ ಎಣ್ಣೇಲಿ ಕಡ್ಲೇಕಾಯಿ ಕಮ್ಮಿ ಐತಂತೆ ಮಾವ!"

ಅಂಗಳವೆಲ್ಲ ನಕ್ಕಿತು. ಅವಳು ಎಡಗಾಲನ್ನು ಗಾಳಿಯಲ್ಲಿಟ್ಟಳು, ಅಂಗಾಲು ಹರಡಿ ಬೆಳ್ಳಗಾಯಿತು. ಬಲಗಾಲು ಅದರ ಮೇಲಕ್ಕೆ ಹೋಯಿತು.

"ಎಂಥ ಮೆಟ್ಟಿಲಮ್ಮಿ?" ಅಂದೆ. ಗಂಟಲು ಬಿಟ್ಟಿತ್ತು.

"ಸ್ಲೇಟು ಕಣೆ! ಎಲ್ಲಾ ಕರೀ ಸ್ಲೇಟು. ಒಂದೊಂದರ ಮೇಲೂ ಏನೋ ಬರ್ದವ್ರೆ."

"ನೆಟ್ಟಗೆ ಐತಾ, ಓರೆಯಾ?"

"ಸುತ್ತು ಹೊಡ್ಕೊಂಡು ಹೋಗೈತೆ. ಸೀರೆ ಸೆರಗು ಸುತ್ತಿದಂಗೆ."

ನಾನು ಎಣಿಸುತ್ತ ಹೋದೆ. ಹದಿನೈದಕ್ಕೆ ಅವಳು ಹೆಂಚಿನ ಸಾಲು ದಾಟಿದಳು. ಮೂವತ್ತಕ್ಕೆ ಹುಣಿಸೇಮರದ ತುದಿ. ನಲವತ್ತಾರಕ್ಕೆ ಅವಳ ಲಂಗ ಒಂದು ಕೊಡೆಯಷ್ಟಾಗಿ ಕಂಡಿತು. ಅಷ್ಟು ಎತ್ತರಕ್ಕೆ ನಮ್ಮ ಬೀದಿಯಲ್ಲಿ ಯಾರೂ ಹೋಗಿರಲಿಲ್ಲ. ತಲೆ ತಗ್ಗಿಸುವವರೂ ತಲೆಯೆತ್ತಿದ್ದರು. ನನ್ನ ಗೆಳತಿ ಅಷ್ಟು ಮೇಲಿದ್ದಾಳೆ, ಅವಳ ಕೆಳಗೆ ನಾನು ನಿಂತಿದ್ದೇನೆ ಎಂದು ಆ ಹೊತ್ತಿನಲ್ಲೂ ನನ್ನ ಬೆನ್ನು ನೆಟ್ಟಗಾಗಿತ್ತು.

ಐವತ್ತೆರಡನೆಯ ಮೆಟ್ಟಿಲಿನ ಮೇಲೆ ಅವಳು ನಿಂತು ಬಗ್ಗಿ ಏನನ್ನೋ ಓದತೊಡಗಿದಳು. ಆಗ ನೋಡಿದೆ. ಅವಳ ಹಿಮ್ಮಡಿ ಒಂದು ಬೆರಳಷ್ಟು ಕೆಳಗಿಳಿಯಿತು. ಕೆಸರಿನಲ್ಲಿ ಊರಿದ ಹಾಗೆ ಮೆಲ್ಲಗೆ ಇಳಿದು ಅಲ್ಲೇ ನಿಂತಿತು. ಬೆರಳುಗಳು ಒಳಕ್ಕೆ ಮಡಚಿಕೊಂಡವು.

"ದೇವೀರಿ, ಸಾಕು. ಇಳಿ," ಎಂದು ಕೂಗಿದೆ.

ಅತ್ತೆ ಬಟ್ಟೆಯ ಮೇಲೆ ಅಂಗೈಯಿಟ್ಟು ನೋಡಿದಳು. "ಏನೇ ಅದು? ಇನ್ನೂ ತೊಪ್ಪೆ ಆಗೈತೆ. ಅರ್ಧಕ್ಕರ್ಧ ಹೊತ್ತೈತೆ."

"ಇಲ್ಲ ಅತ್ತೆ. ಇಳಿಸ್ಬೇಕು."

"ಹೊನ್ನಿಗೆ ಹೊಟ್ಟೆ ಹಸ್ದೈತೆ ಕಣ್ರಪ್ಪ, ಬೇಗ ಮನೇಗೆ ಹೋಗ್ಬೇಕು," ಎಂದ ಚನ್ನಪ್ಪ.

ಚೌಡಮ್ಮ ನನ್ನ ತೋಳು ಮುಟ್ಟಿದಳು. "ಇನ್ನೊಂಚೂರು ನೋಡ್ಕೊಳ್ಳಿ ಬುಡವ್ವ ನನ್ನ ಕಂದ. ಗಂಡನ ಮನೆಗೆ ಹೋದ್ಮೇಲೆ ಎಲ್ಲೈತೆ ಇದೆಲ್ಲ?"

ಮೇಲಿನಿಂದ ದೇವೀರಿಯ ದನಿ ಬಂತು. "ಇಲ್ಲಿ ಬರ್ದಿರೋದು ಇನ್ನೂ ಮುಗಿದಿಲ್ಲ ಕಣೆ! ಮುಂದಿನ ಮೆಟ್ಲಲ್ಲಿ ಐತೆ ಮಿಕ್ಕಿದ್ದು."

"ಓದ್ಬೇಡ. ತುಳಿ. ಕೆಳಗಿನದನ್ನ ತುಳಿ."

"ಓದೋ ರುಚಿ ನೀನೇನು ಬಲ್ಲೆ? ನಾಲ್ಕನೇ ಕ್ಲಾಸಿಗೇ ಓಡಿಬಂದೋಳು!"

ಮತ್ತೆ ನಗು. ಮಕ್ಕಳು ಕೂಡ ನಕ್ಕವು. ಬೇರೆ ದಿನವಾಗಿದ್ದರೆ ನಾನು ಒಳಗೆ ಓಡಿಹೋಗಿ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ಆದರೆ ಅವಳ ಹಿಮ್ಮಡಿ ಇನ್ನೊಂದು ಬೆರಳು ಇಳಿದಿತ್ತು. ನಾನು ಮೇಲೆ ನೋಡುತ್ತಲೇ ನಿಂತೆ.

"ನಲವತ್ತು ವರ್ಷ ಬಟ್ಟೆ ನಂಬಿ ಜನಾನ ಇಳ್ಸಿವ್ನಿ," ಎಂದು ಅತ್ತೆ ಎದ್ದುನಿಂತಳು. ಅವಳ ಮುಖ ಕೆಂಪಗಾಗಿತ್ತು. "ನಿನ್ನ ಏಳು ವರ್ಷದ ಕಣ್ಣು ಅದಕ್ಕಿಂತ ದೊಡ್ದಾ?"

"ಅತ್ತೆ, ಅದು ಹೊಸ ಬಟ್ಟೆ. ದಪ್ಪ ಟವೆಲು, ಗಂಜಿ ಬಿಟ್ಟಿಲ್ಲ. ಸಾಯಂಕಾಲಕ್ಕೂ ಅದು ಒಣಗಲ್ಲ."

ಅತ್ತೆಯ ಕೈ ಅಲ್ಲೇ ನಿಂತಿತು. ಅವಳು ಬಗ್ಗಿ ಬಟ್ಟೆಯ ಅಂಚನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದಳು. ಬೆರಳಿಗೆ ಗೊತ್ತಾಗಲಿಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡಳು. ಅಂಗಳದಲ್ಲಿ ನಗು ನಿಂತಿತು. ಚೌಡಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅತ್ತೆ ನನ್ನ ಕಡೆ ನೋಡದೆ ಒಂದೇ ಮಾತು ಅಂದಳು. "ಇಳ್ಸು."

ಚನ್ನಪ್ಪ ಮಂಚದಿಂದ ನೆಗೆದು ಮನೆ ಮನೆಯ ಹುಲ್ಲನ್ನು ತಬ್ಬಿಕೊಂಡು ತರತೊಡಗಿದ. ಅವನ ಹಿಂದೆ ಉಳಿದವರೂ ಓಡಿದರು.

ನಾನು ಉಸಿರು ತುಂಬಿಕೊಂಡೆ. "ದೇವೀರಿ, ನಾಲ್ಕನೇ ಕ್ಲಾಸಿನೋಳು ಕೇಳ್ತಾವ್ಳೆ. ನಿನ್ನ ಹಿಂದಿನ ಮೆಟ್ಲಲ್ಲಿ ಏನು ಬರ್ದೈತೆ? ನಂಗೆ ಓದಿ ಹೇಳು."

ಅವಳ ಕಾಲು ಹಿಂದಕ್ಕೆ ಬಂತು. ಒಂದು ಮೆಟ್ಟಿಲು ಇಳಿದಳು. "'ಕೊಡದಲ್ಲಿ ನೀರೈತೆ' ಅಂತ ಬರ್ದೈತೆ."

"ಅದರ ಹಿಂದಿಂದು?"

"'ನೀರಲ್ಲಿ ಮೀನೈತೆ.'"

"ಅದರ ಹಿಂದಿಂದು?"

ಹಾಗೆ ಹಾಗೆ ನಲವತ್ತಕ್ಕೆ ತಂದೆ. ಆಮೇಲೆ ಅವಳು ಚೀರಿದಳು. ಆ ಚೀರು ನನಗೆ ಗೊತ್ತು. ಕಾಯಿ ಒಳ್ಳೆಯ ಮುಖ ತೋರಿಸಿ ತೋರಿಸಿ ಒಮ್ಮೆಗೇ ಮುಖ ತಿರುಗಿಸುತ್ತದೆ.

"ಅಕ್ಷರ ಎಲ್ಲಾ ಎದ್ವು ಹೊನ್ನಿ! ಎಲ್ಲಾ ಇರುವೆ ಆದ್ವು. ಕಾಲಿಗೆ ಹತ್ತಾವೆ. ಕರೀ ಇರುವೆ, ಕಾಲೇ ಕಾಣ್ತಿಲ್ಲ ನಂಗೆ!"

ಎರಡೂ ಕಾಲನ್ನು ಒಂದೇ ಕಡೆ ಜೋಡಿಸಿ ಗೊಂಬೆಯ ಹಾಗೆ ನಿಂತುಬಿಟ್ಟಳು. ಹಿಮ್ಮಡಿ ಎರಡು ಬೆರಳು ಹೂತಿತ್ತು.

"ಅಯ್ಯೋ, ಇರುವೆ ಇಲ್ಲ ಅನ್ನೇ ಅವ್ಳಿಗೆ," ಎಂದು ಚೌಡಮ್ಮ ಅಳತೊಡಗಿದಳು.

ನಾನು ಅನ್ನಲಿಲ್ಲ. "ಕಚ್ತಾ ಅವ್ಯಾ?" ಎಂದು ಕೇಳಿದೆ.

"ಇಲ್ಲ... ಹರೀತಾ ಅವೆ."

"ಹಂಗಾದ್ರೆ ಅವು ಹೋಗೋ ಇರುವೆ. ಸಾಲು ಎತ್ಲಾಗೆ ಹೋಗ್ತೈತೆ ನೋಡು."

"ಕೆಳಕ್ಕೆ."

"ಅವುಕ್ಕೆ ದಾರಿ ಗೊತ್ತು. ಸಾಲಿನ ಪಕ್ಕದಲ್ಲೇ ಎಡಗಾಲಿಡು. ತುಳೀಬೇಡ ಪಾಪ. ಪಕ್ಕದಲ್ಲಿ."

ಎಡಗಾಲು ನಡುಗುತ್ತ ಇಳಿಯಿತು. ಬೂದಿ ಹಚ್ಚಿದ ಅಂಗಾಲು ಹುಡುಕಿತು, ಹುಡುಕಿತು, ಸಿಕ್ಕಿತು. ಬಲಗಾಲು. ಎಡಗಾಲು. ಅವಳಿಗಿಂತ ಮೊದಲು ನನ್ನ ಕಾಲು ಅಂಗಳದಲ್ಲಿ ಆ ಮೆಟ್ಟಿಲನ್ನು ಇಳಿಯುತ್ತಿತ್ತು. ನಾನು ಎಂದೂ ಕಾಣದ ಸುತ್ತುಮೆಟ್ಟಿಲು, ಸೆರಗು ಸುತ್ತಿದ ಹಾಗೆ. ನಾನು ಸುತ್ತುತ್ತಲೇ ಅವಳನ್ನು ಸುತ್ತಿಸಿದೆ. ಮೂವತ್ತು. ಇಪ್ಪತ್ತೈದು. ಅವಳ ಬೆವರು ಹನಿಹನಿಯಾಗಿ ನನ್ನ ಮುಖಕ್ಕೆ ಬೀಳುತ್ತಿತ್ತು.

ಇಪ್ಪತ್ತಕ್ಕೆ ಅವಳ ದನಿ ಬದಲಾಯಿತು. ಮೆತ್ತಗೆ, ಮಗುವಿನಂತೆ ಕೇಳಿದಳು. "ಕೆಳಗೆಲ್ಲ ನೀರೈತಲ್ಲೆ. ಹೊಳೆ ನೀರು. ನೆಗೆದುಬುಡ್ಲಾ?"

ಚೌಡಮ್ಮ ಚೀರಲು ಬಾಯಿ ತೆಗೆದಳು. ಅತ್ತೆ ಅವಳ ಬಾಯಿ ಮುಚ್ಚಿದಳು.

"ನೀರು ಮಂಜಿನಷ್ಟು ತಣ್ಣಗೈತೆ ಕಣಮ್ಮಿ," ಅಂದೆ. "ಮದ್ವೇಗೆ ಮೂರೇ ವಾರ. ಮೂಗು ಸೋರಿಸ್ಕೊಂಡು ತಾಳಿ ಕಟ್ಟಿಸ್ಕೋತೀಯಾ?"

ಅವಳು ಯೋಚಿಸಿದಳು. "ಅದೂ ನಿಜ," ಎಂದು ಬಲಗಾಲು ಇಳಿಸಿದಳು.

ಹದಿನೈದು. ಹತ್ತು. ಹೆಂಚಿನ ಸಾಲಿಗಿಂತ ಕೆಳಗೆ ಬಂದಳು. ಎಂಟು. ಈಗ ಅವಳ ಕಾಲು ಪಾದ ಮುಳುಗುವಷ್ಟು ಹೂತುಹೋಗುತ್ತಿತ್ತು. ಪ್ರತಿ ಹೆಜ್ಜೆಯನ್ನು ಕಿತ್ತು ಕಿತ್ತು ಇಡಬೇಕಾಗಿತ್ತು. ಏಳು. ಅಲ್ಲಿ ಅಂಗಾಲಿನ ಬಿಳುಪು ಒಮ್ಮೆಗೇ ಹೋಯಿತು. ದೀಪ ಆರಿದ ಹಾಗೆ. ಅವಳ ಕೆಳಗೆ ಏನೂ ಇಲ್ಲವೆಂದು ನನಗೆ ಅವಳಿಗಿಂತ ಮೊದಲು ಗೊತ್ತಾಯಿತು. "ಹುಲ್ಲು!" ಎಂದು ಕೂಗಿ ಅತ್ತ ನೆಗೆದೆ. ಅವಳು ಒಂದೂವರೆ ಆಳೆತ್ತರದಿಂದ ಹುಲ್ಲಿನ ಮೇಲೆ, ಅರ್ಧ ನನ್ನ ಮೇಲೆ ಬಿದ್ದಳು. ಒಣ ಕಡ್ಡಿ ಮುರಿದಂತೆ ಸದ್ದಾಯಿತು. ಅವಳ ಬಲಗಾಲಿನ ಕೀಲು.

ಅವಳು ಮೊದಲು ನಕ್ಕಳು. ಆಮೇಲೆ ವಾಂತಿ ಮಾಡಿದಳು. ಮೈಯೆಲ್ಲ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುವುದು ನನ್ನ ಪಕ್ಕೆಗೆ ಕೇಳುತ್ತಿತ್ತು. ಬಿಸಿಲು ಇಳಿಯುವವರೆಗೂ ಕಾಲಿನಿಂದ ಇರುವೆ ಒರೆಸಿಕೊಳ್ಳುತ್ತಲೇ ಇದ್ದಳು. ಆದರೆ ಜೀವ ಇತ್ತು. ತಲೆ, ಬೆನ್ನು, ಕೈ ಎಲ್ಲ ನೆಟ್ಟಗಿದ್ದವು.

ಅತ್ತೆ ಚಪ್ಪಡಿಯ ಮೇಲಿನ ಬಟ್ಟೆಯನ್ನು ಎತ್ತಿ ಎಲ್ಲರ ಎದುರು ಹಿಂಡಿದಳು. ನೀರು ಸುರಿಯಿತು. ಮಣ್ಣು ಅಂಗೈಯಗಲ ಕಪ್ಪಾಯಿತು. ಆ ಕಲೆಯನ್ನು ನೋಡುತ್ತ ಜನ ಎಷ್ಟೋ ಹೊತ್ತು ನಿಂತರು. ಅತ್ತೆ ಬಟ್ಟೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ನನ್ನ ಹಿಂದೆ ನಡೆದಳು. ಯಾವತ್ತೂ ಅವಳು ಮುಂದೆ ನಡೆಯುವವಳು. ಅರವತ್ತಮೂರಕ್ಕೆ ಅರವತ್ತಮೂರು ಎಂದು ನಾನು ಒಳಗೇ ಹೇಳಿಕೊಂಡೆ. ಹೆಮ್ಮೆ ಪಡಬಾರದು ಅನ್ನುತ್ತಾರೆ ದೊಡ್ಡವರು. ನಾನು ಪಟ್ಟೆ. ಮನೆ ತಲುಪುವವರೆಗೂ ಪಟ್ಟೆ, ಊಟ ಮಾಡುವಾಗಲೂ ಪಟ್ಟೆ.

ನಾಲ್ಕು ದಿನ ಬಿಟ್ಟು ದೇವೀರಿಯನ್ನು ನೋಡಲು ಹೋದೆ. ನಾಟಿ ವೈದ್ಯರು ಬಿದಿರು ಪಟ್ಟಿ ಕಟ್ಟಿ ಎರಡು ತಿಂಗಳು ಎಂದಿದ್ದರು. ಮದುವೆ ಮುಂದಕ್ಕೆ ಹೋಗಿತ್ತು, ಗಂಡಿನವರು ಒಳ್ಳೆಯವರು, ಒಪ್ಪಿಕೊಂಡಿದ್ದರು. ಚೌಡಮ್ಮ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ತುಪ್ಪ ಹಾಕಿ ಒತ್ತುಶ್ಯಾವಿಗೆ ಕೊಟ್ಟಳು, ಅಡುಗೆಮನೆಗೆ ಹೋಗಿ ಅತ್ತಳು.

ದೇವೀರಿ ದಿಂಬಿಗೊರಗಿ ಮಾಡಿನ ಮೂಲೆ ನೋಡುತ್ತಿದ್ದಳು. ಕಟ್ಟಿಲ್ಲದ ಎಡಗಾಲಿನ ಹೆಬ್ಬೆರಳು ಹೊದಿಕೆಯೊಳಗೆ ಏಳುತ್ತಿತ್ತು, ಇಳಿಯುತ್ತಿತ್ತು.

"ನಿನ್ನ ಬೈದ್ನಂತೆ," ಅಂದಳು. "ಅವ್ವ ಹೇಳ್ತು. ಬೇಜಾರಾಯ್ತಾ?"

ತಲೆಯಾಡಿಸಿ ಇಲ್ಲ ಅಂದೆ.

"ಒಂದು ವಿಷ್ಯ ಹೇಳ್ಲಾ? ಪಟ್ಟಿ ಬಿಚ್ಚಿದ ದಿನವೇ ಬತ್ತೀನಿ ನಿಮ್ಮನೇಗೆ. ಒಂದೇ ಒಂದು ಸಲ. ಮೇಲೆ ಬರ್ದಿದ್ದು ಪೂರ್ತಿ ಓದಕ್ಕಾಗ್ಲಿಲ್ಲ ಕಣೆ. ಅದು ಏನು ಅಂತ ಗೊತ್ತಾಗ್ದೆ ನಂಗೆ ಇರಕ್ಕಾಗಲ್ಲ."

ಬಹಳ ಕಷ್ಟಪಟ್ಟು, "ಇರುವೆ?" ಅಂದೆ.

"ಇರುವೆ ಬಂದ್ರೆ ಬರ್ಲಿ. ನೀನಿದ್ದೀಯಲ್ಲ ಕೆಳಗೆ. ಊರೆಲ್ಲಾ ಹೇಳ್ತೈತೆ, ಹೊನ್ನಿ ಇದ್ರೆ ಎಷ್ಟು ಮೇಲಾದ್ರೂ ಹೋಗ್ಬೋದು ಅಂತ." ಅವಳು ನನ್ನ ಕೈ ಎಳೆದುಕೊಂಡು ತನ್ನ ಎಡಗಾಲಿನ ಮೇಲಿಟ್ಟಳು. "ತೊಳೀತೀಯಲ್ವಾ?"

ತೊಳೆಯುತ್ತೇನೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಾಲು ನೀಡಿದವರಿಗೆ ಬೇಡ ಅನ್ನುವಂತಿಲ್ಲ. ಆ ಕಾಲು ನನ್ನ ಕೈಯ ಕೆಳಗೆ ಇಲ್ಲದ ಮೆಟ್ಟಿಲು ಹುಡುಕುತ್ತಿತ್ತು. ಅರವತ್ತಮೂರು ಜನರ ಕಾಲು ನೋಡಿದ್ದೇನೆ, ಮುಂದಿನ ಸಲ ಅದು ನೆಲಕ್ಕೆ ಬರುವ ಕಾಲಲ್ಲ.

ಆ ವಾರದ ರಜೆಯ ದಿನ ಬೆಳಗ್ಗೆ ಊರಿನ ಯಜಮಾನರಾದ ಮರಿಸ್ವಾಮಪ್ಪನವರು ನನ್ನನ್ನು ಚಾವಡಿಗೆ ಕರೆಸಿದರು. ಊರೇ ನೆರೆದಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮುಂದೆ ಮಕ್ಕಳು. ಅತ್ತೆ ನನ್ನ ಪಕ್ಕದಲ್ಲಿ ಕೂತಳು. ಹಿತ್ತಾಳೆ ತಟ್ಟೆಯಲ್ಲಿ ಹಸಿರು ಸೀರೆ, ವೀಳ್ಯದೆಲೆ, ತೆಂಗಿನಕಾಯಿ ಇಟ್ಟಿದ್ದರು. ಮುತ್ತೈದೆಯೊಬ್ಬಳು ನನಗೆ ಅರಿಶಿನ ಕುಂಕುಮ ಕೊಟ್ಟು ಹೂ ಮುಡಿಸಿದಳು. ಗಾಣದ ಚನ್ನಪ್ಪ ಎದ್ದು, "ನಾನು ಅವತ್ತು ತಮಾಷೆ ಮಾಡ್ಬಾರ್ದಿತ್ತು ಕಣವ್ವ" ಎಂದು ಎಲ್ಲರ ಎದುರು ಹೇಳಿ ಕೂತ. ನನ್ನ ಕಿವಿ ಬಿಸಿಯಾಗಿತ್ತು. ಆದರೂ ತಲೆ ಬಗ್ಗಿಸಲಿಲ್ಲ. ಆ ಮರ್ಯಾದೆ ನನ್ನದು, ಯಾರ ಬಾಯಿಂದಲೂ ಎರವಲು ತಂದದ್ದಲ್ಲ.

"ಇನ್ನು ಮೇಲೆ ಬಟ್ಟೆ ಅಳತೆ ಬೇಕಿಲ್ಲ," ಎಂದರು ಯಜಮಾನರು. "ಹೊನ್ನಾಜಿಯ ಕಣ್ಣೇ ಅಳತೆ. ಸಿದ್ದಕ್ಕನೂ ಒಪ್ಪವ್ಳೆ. ಇಂಥ ಕಣ್ಣು ನಮ್ಮೂರಿಗೆ ಬಂದಿದ್ದೇ ನಮ್ಮ ಪುಣ್ಯ. ಈಗ ನಮ್ಮ ಮಕ್ಕಳು ಎಷ್ಟು ಎತ್ತರ ಹೋದ್ರೂ ನಮ್ಗೆ ಭಯ ಇಲ್ಲ."

ಹುಡುಗರು ಶಿಳ್ಳೆ ಹಾಕಿದರು. "ನಾಳೆ ನಾನು, ಅಕ್ಕ!" ಎಂದು ಒಬ್ಬ, "ನಾಡಿದ್ದು ನಾನು, ಅರವತ್ತು ಮೆಟ್ಲು!" ಎಂದು ಇನ್ನೊಬ್ಬ ಕೂಗಿದರು.

ಯಜಮಾನರು ಕೈಯೆತ್ತಿ ಸುಮ್ಮನಾಗಿಸಿದರು. "ಸೀರೆ ಊರಿನ ಲೆಕ್ಕದ್ದು. ಅದು ಬಿಟ್ಟು ನಿಂಗೇ ಅಂತ ಏನಾದ್ರೂ ಕೇಳವ್ವ. ನಾಚ್ಕೋಬೇಡ. ಮಗ್ಗುಲ ಮನೆ ಬೇಕಾ? ಹಸು ಬೇಕಾ? ಏನು ಕೇಳಿದ್ರೂ ಇಲ್ಲ ಅನ್ನಲ್ಲ."

ಮೇಲೆ ಯಾರೂ ಇರಲಿಲ್ಲ. ಆಕಾಶ ಖಾಲಿಯಾಗಿತ್ತು. ಎದ್ದು ನಿಂತೆ. ಶಾಲೆಯಲ್ಲಿ ಕೂರುತ್ತಿದ್ದ ಅದೇ ಗಂಟು ಗಂಟಲಿಗೆ ಬಂದು ಕೂತಿತು. ಅದನ್ನು ನುಂಗಿದೆ. ಹೋಗಲಿಲ್ಲ. ಅದರ ಮೇಲೆಯೇ ಮಾತಾಡಿದೆ.

"ಬೇಡ ಅನ್ನೋಕೆ ಬಿಡಿ ನಂಗೆ," ಅಂದೆ. "ಯಾರ ಕಾಲು ತೊಳೀಬೇಕು, ಯಾರ್ದು ಬೇಡ ಅಂತ ಕಾಲು ಹಿಡಿದ್ರೆ ನಂಗೆ ಗೊತ್ತಾಗ್ತೈತೆ. ದೇವೀರಿ ಕಾಲು ಅವತ್ತೂ ಹೇಳಿತ್ತು. ನಾನು ಬಾಯಿ ಬಿಡೋ ಹಂಗಿರಲಿಲ್ಲ. ನಾನು ಬೇಡ ಅಂದೋರು ಗುಡ್ಡದ ಹಿಂದೆ ಹೋಗ್ದಂಗೆ ನೀವೆಲ್ಲಾ ಕಾಯಿರಿ. ಅವರ ಅಪ್ಪ ಅವ್ವ ಕಾಯ್ಲಿ. ಮೊದ್ಲು ದೇವೀರಿಗೆ ಹೇಳ್ತೀನಿ. ಅವಳನ್ನ ನಾನು ಇನ್ನು ಹತ್ತಿಸಲ್ಲ."

ಯಜಮಾನರು ಅತ್ತೆಯ ಕಡೆ ನೋಡಿದರು. ಅತ್ತೆ ತನ್ನ ಜೋಮು ಹಿಡಿದ ಬೆರಳುಗಳನ್ನು ನೋಡಿಕೊಂಡಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಗಸರ ನಡುವೆ ಕೂತಿದ್ದ ಚೌಡಮ್ಮ ಏನೋ ಹೇಳಲು ತುಟಿ ತೆರೆದು, ಸುತ್ತ ನೋಡಿ, ಮುಚ್ಚಿಕೊಂಡಳು. ಚನ್ನಪ್ಪ ಚೀಲದಿಂದ ಅಡಿಕೆ ತೆಗೆದು ಕತ್ತರಿಸತೊಡಗಿದ.

ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಐವತ್ತೆರಡನೆಯ ಮೆಟ್ಟಿಲಿಗೆ ಕೇಳಿಸುವ ದನಿಯಲ್ಲಿ ಇನ್ನೊಂದು ಸಲ ಹೇಳಿದೆ.

"ಬೇಡ ಅನ್ನೋಕೆ ಬಿಡಿ ನಂಗೆ."